ಬಿದ್ರಿ: ಹೊಗಳಿಕೆ ಸಾಕು, ವಿಮರ್ಶೆ ಬೇಕು

ಕೈಕಸುಬಿನ ವಸ್ತುಗಳ ಬಗ್ಗೆ ನಮ್ಮಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಬರಹಗಳು ಬರುತ್ತವೆ. ಒಂದು ‘ಅದ್ಭುತ ಪರಂಪರೆ’ ಎಂಬ ಹೊಗಳಿಕೆ. ಇನ್ನೊಂದು ‘ನಶಿಸುತ್ತಿರುವ ಕಲೆ’ ಎಂಬ ಮರುಕ. ಕಥೆ, ಕವಿತೆ, ಸಿನಿಮಾಗಳನ್ನು ನಾವು ಹೀಗೆ ನೋಡುವುದಿಲ್ಲ. ಇದು ಚೆನ್ನಾಗಿದೆಯೇ, ಇಲ್ಲವಾದರೆ ಯಾಕಿಲ್ಲ ಎಂದು ಕೇಳುತ್ತೇವೆ. ಕುಶಲಕರ್ಮಿಯ ಕೆಲಸಕ್ಕೆ ಮಾತ್ರ ಅಂಥ ಪ್ರಶ್ನೆ ಕೇಳುವುದಿಲ್ಲ. ಇದು ಗೌರವದಂತೆ ಕಾಣುತ್ತದೆ. ನಿಜವಾಗಿ ನೋಡಿದರೆ ಇದೊಂದು ಬಗೆಯ ತಾತ್ಸಾರ. ಅವನ ಕೆಲಸದಲ್ಲಿ ಒಳ್ಳೆಯದು ಕೆಟ್ಟದ್ದು ಎಂಬ ಭೇದವಿದೆ ಎಂಬುದನ್ನೇ ನಾವು ಒಪ್ಪುತ್ತಿಲ್ಲ ಎಂದಾಯಿತು.

ಬೀದರಿನ ಬಿದ್ರಿ ಕಲೆಗೆ ಇದೇ ಆಗಿದೆ. 2023ರಲ್ಲಿ ಬೀದರಿನ ಹಿರಿಯ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಪ್ರಶಸ್ತಿ ಪಡೆದ ಸಂದರ್ಭದಲ್ಲಿ ಅವರು ಪ್ರಧಾನಿಯವರೊಂದಿಗೆ ಆಡಿದ ನಾಲ್ಕು ಮಾತು ಟಿವಿ ವಾಹಿನಿಗಳಲ್ಲಿ, ಪತ್ರಿಕೆಗಳಲ್ಲಿ ದಿನಗಟ್ಟಲೆ ಚರ್ಚೆಯಾಯಿತು. ಯಾವ ಪಕ್ಷಕ್ಕೆ ಲಾಭ, ಯಾರಿಗೆ ಮುಜುಗರ ಎಂಬ ಲೆಕ್ಕವೇ ಎಲ್ಲ ಕಡೆ. ಆ ಮನುಷ್ಯ ಜೀವಮಾನವಿಡೀ ಏನು ಮಾಡಿದರು, ಅವರ ಕೈಯ ಗೆರೆಯಲ್ಲಿ ಏನು ವಿಶೇಷ ಎಂದು ಕೇಳಿದವರು ಬಹಳ ಕಡಿಮೆ. ಕಲಾವಿದ ಸುದ್ದಿಯಾದ, ಕಲೆ ಸುದ್ದಿಯಾಗಲಿಲ್ಲ.

ಕಪ್ಪು ಎಲ್ಲಿಂದ ಬರುತ್ತದೆ?

ವಿಮರ್ಶೆಗೆ ಮೊದಲು ವಸ್ತುವನ್ನು ತಿಳಿಯಬೇಕು. ಬಿದ್ರಿಯ ಒಡಲು ಬೆಳ್ಳಿಯದಲ್ಲ, ಕಬ್ಬಿಣದ್ದೂ ಅಲ್ಲ. ಸುಮಾರು 16 ಪಾಲು ಸತುವಿಗೆ ಒಂದು ಪಾಲು ತಾಮ್ರ ಬೆರೆಸಿ ಕರಗಿಸುತ್ತಾರೆ. ಹರಳೆಣ್ಣೆ, ರಾಳ ಸೇರಿಸಿ ಹದಮಾಡಿದ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅಚ್ಚಿನಿಂದ ಹೊರಬಂದದ್ದು ಒರಟಾದ ಬೂದುಬಣ್ಣದ ಲೋಹ. ಅದನ್ನು ಅರದಿಂದ ಉಜ್ಜಿ ನಯ ಮಾಡಬೇಕು. ಮೈಲುತುತ್ತದ ನೀರು ಸವರಿದರೆ ಮೇಲ್ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಚೂಪಾದ ಮೊನೆಯಿಂದ ಚಿತ್ರ ಬರೆಯುತ್ತಾರೆ. ಅನುಭವಿ ಉಸ್ತಾದ್‌ಗೆ ನಕ್ಷೆಯ ಕಾಗದ ಬೇಕಾಗುವುದಿಲ್ಲ.

ಬಳಿಕ ಉಳಿಯಿಂದ ಕೊರೆಯುವ ಕೆಲಸ. ಇಲ್ಲಿನವರು ಈ ಉಳಿಗೆ ಕಲಮ್ ಎನ್ನುತ್ತಾರೆ, ಅಂದರೆ ಲೇಖನಿ. ಕೊರೆದ ತೋಡಿನಲ್ಲಿ ಬೆಳ್ಳಿಯ ತಂತಿ ಕೂರಿಸಿ ಬಡಿದರೆ ಅದು ತಾರ್‌ಕಶಿ. ತಗಡಿನ ತುಂಡು ಕೂರಿಸಿದರೆ ತೈನಿಶಾನ್. ನೆಲವನ್ನೆಲ್ಲ ಬೆಳ್ಳಿಯಿಂದ ಮುಚ್ಚಿ ಹೂವನ್ನು ಕಪ್ಪಾಗಿ ಉಳಿಸಿದರೆ ಅಫ್ತಾಬಿ. ಮತ್ತೆ ಉಜ್ಜಿದಾಗ ತಾತ್ಕಾಲಿಕ ಕಪ್ಪು ಹೋಗಿ, ಲೋಹವೂ ಬೆಳ್ಳಿಯೂ ಒಂದೇ ಬಿಳುಪಾಗಿ ಕಾಣುತ್ತವೆ. ಚಿತ್ರ ಎಲ್ಲಿದೆ ಎಂದು ಹುಡುಕಬೇಕು.

ಕೊನೆಗೆ ಮಣ್ಣು. ಬೀದರ್ ಕೋಟೆಯೊಳಗೆ ಬಿಸಿಲು ಮಳೆ ತಾಗದ ಜಾಗದ ಹಳೆಯ ಮಣ್ಣನ್ನು ನವಸಾಗರದೊಂದಿಗೆ ನೀರಿನಲ್ಲಿ ಕುದಿಸಿ, ಬಿಸಿ ಮಾಡಿದ ವಸ್ತುವನ್ನು ಅದರಲ್ಲಿ ಅದ್ದುತ್ತಾರೆ. ಸತುವಿನ ಒಡಲು ಗಾಢವಾಗಿ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಉಳಿಯುತ್ತದೆ. ತಾಮ್ರ ಬೆರೆಯದ ಬರೀ ಸತುವು ಹೀಗೆ ಕಪ್ಪಾಗುವುದಿಲ್ಲ. ಆ ಒಂದು ಪಾಲು ತಾಮ್ರಕ್ಕೆ ಇರುವ ಕೆಲಸ ಅದು. ಸರಿಯಾದ ಮಣ್ಣು ಯಾವುದು ಎಂಬುದನ್ನು ಕುಶಲಕರ್ಮಿಗಳು ನಾಲಿಗೆಯ ಮೇಲಿಟ್ಟು ರುಚಿ ನೋಡಿ ಹೇಳುತ್ತಾರೆ. ಕೊನೆಗೆ ಎಣ್ಣೆ ಸವರಿದರೆ ಕಪ್ಪು ಆಳವಾಗುತ್ತದೆ.

ಇಷ್ಟನ್ನು ವಿವರವಾಗಿ ಹೇಳಲು ಕಾರಣವಿದೆ. ಬಿದ್ರಿಯ ಸೊಗಸು ಮೇಲೆ ಬಳಿದ ಬಣ್ಣದ್ದಲ್ಲ. ಲೋಹ, ಮಣ್ಣು, ಕೈ ಮೂರೂ ಒಂದಕ್ಕೊಂದು ಒಪ್ಪಿದಾಗ ಹುಟ್ಟಿದ್ದು. ಕೈಯಿಂದ ಮಾಡಿದ ವಸ್ತುವಿನ ಬಗ್ಗೆ ಜನರ ಆಸೆ ಇನ್ನೂ ಯಾಕೆ ಆರಿಲ್ಲ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಮಾಡಿದ ಕ್ರಮವೇ ವಸ್ತುವಿನ ಮೈಮೇಲೆ ಕಾಣುತ್ತದೆ. ಕಾರ್ಖಾನೆಯ ಸ್ಟೀಲ್ ಲೋಟದಲ್ಲಿ ಅದು ಕಾಣುವುದಿಲ್ಲ.

ಬದಲಾವಣೆ ಹೊಸದಲ್ಲ

ಬಹಮನಿ ಸುಲ್ತಾನ್ ಅಹ್ಮದ್ ಶಾ ವಲಿಯ ಕಾಲದಲ್ಲಿ ಇರಾನಿನಿಂದ ಬಂದ ಅಬ್ದುಲ್ಲಾ ಬಿನ್ ಕೈಸರ್ ಈ ಕಲೆಯನ್ನು ಇಲ್ಲಿ ಕಲಿಸಿದ ಎಂಬ ಕಥೆ ಬೀದರಿನಲ್ಲಿ ಎಲ್ಲರ ಬಾಯಲ್ಲಿದೆ. ವಸ್ತುಸಂಗ್ರಹಾಲಯಗಳಲ್ಲಿ ಉಳಿದಿರುವ ಅತಿ ಹಳೆಯ ಬಿದ್ರಿ ವಸ್ತುಗಳನ್ನು ವಿದ್ವಾಂಸರು ಬಹುತೇಕ 17ನೇ ಶತಮಾನದ ಆಸುಪಾಸಿಗೆ ಸೇರಿಸುತ್ತಾರೆ. ಕಥೆಗೂ ಸಾಕ್ಷ್ಯಕ್ಕೂ ನಡುವೆ ಇನ್ನೂರು ವರ್ಷಗಳ ಅಂತರವಿದೆ. ಅದರಿಂದ ಕಥೆ ಸುಳ್ಳಾಗಬೇಕಿಲ್ಲ. ಆದರೆ ಕಪ್ಪಿನಲ್ಲಿ ಬೆಳಕಿನ ಗೆರೆ ಎಳೆಯುವ ಅಭಿರುಚಿ ಈ ಊರಿನದೇ ಎಂಬುದಕ್ಕೆ ಕೋಟೆಯೊಳಗಿನ ರಂಗೀನ್ ಮಹಲ್ ಸಾಕ್ಷಿ. 16ನೇ ಶತಮಾನದಲ್ಲಿ ಅಲಿ ಬರೀದ್ ಶಾ ಕಟ್ಟಿಸಿದ ಆ ಮಹಲಿನಲ್ಲಿ ಕರಿಕಲ್ಲಿನೊಳಗೆ ಮುತ್ತಿನ ಚಿಪ್ಪು ಕೂರಿಸಿದ್ದಾರೆ. ಅಲ್ಲಿ ಕಲ್ಲು ಮತ್ತು ಚಿಪ್ಪು, ಇಲ್ಲಿ ಲೋಹ ಮತ್ತು ಬೆಳ್ಳಿ. ಕಣ್ಣು ಒಂದೇ.

ಅಂದಿನಿಂದ ಬಿದ್ರಿ ಒಂದೇ ಕಡೆ ನಿಂತಿಲ್ಲ. ಹುಕ್ಕಾದ ಬುಡವನ್ನೇ ತೆಗೆದುಕೊಳ್ಳಿ. 17ನೇ ಶತಮಾನದಲ್ಲಿ ಅದು ಚೆಂಡಿನಂತೆ ದುಂಡಗಿತ್ತು. 18ನೇ ಶತಮಾನದಲ್ಲಿ ಗಂಟೆಯ ಆಕಾರಕ್ಕೆ ತಿರುಗಿತು. ಸುರಾಹಿ, ಪಾನ್‌ದಾನ್, ಕೈತೊಳೆಯುವ ಪಾತ್ರೆಗಳು ನವಾಬರ ಮನೆಯ ಬಳಕೆಯ ವಸ್ತುಗಳಾಗಿದ್ದವು. ಹೈದರಾಬಾದ್, ಲಖನೌ, ಬಿಹಾರದ ಪೂರ್ಣಿಯಾಗಳಲ್ಲೂ ಈ ಕೆಲಸ ಬೇರುಬಿಟ್ಟಿತು. 1851ರ ಲಂಡನ್ ಮಹಾ ಪ್ರದರ್ಶನದಲ್ಲಿ ಬಿದ್ರಿ ಕಾಣಿಸಿಕೊಂಡಾಗ ಯುರೋಪಿನ ಗಿರಾಕಿ ಸಿಕ್ಕಿದ, ಅವನಿಗೆ ಬೇಕಾದ ಹೂದಾನಿಗಳು ಬಂದವು. ಹುಕ್ಕಾ ಹೋಗಿ ಸಿಗರೇಟು ಬಂದಾಗ ಸಿಗರೇಟು ಡಬ್ಬಿ, ಬೂದಿ ಬಟ್ಟಲುಗಳಾದವು. ಕಚೇರಿಗಳ ಕಾಲಕ್ಕೆ ಪೆನ್‌ಸ್ಟ್ಯಾಂಡ್, ಕೋಟಿನ ಗುಂಡಿ. ಕಂಪ್ಯೂಟರ್ ಕಾಲಕ್ಕೆ ಪೆನ್‌ಡ್ರೈವ್‌ನ ಹೊರಕವಚ. ಈಗ ಕಿವಿಯೋಲೆ, ಉಂಗುರ, ಕೀಲಿಗೊಂಚಲು, ಗೋಡೆಯ ಫಲಕ.

ಹಾಗಾಗಿ, ‘ಹಿಂದೆ ಸುರಾಹಿ ಮಾಡುತ್ತಿದ್ದ ಕೈ ಇಂದು ಕೀಲಿಗೊಂಚಲು ಮಾಡುತ್ತಿದೆಯಲ್ಲ’ ಎಂಬ ಕೊರಗನ್ನು ಒಪ್ಪಲಾಗದು. ಗಿರಾಕಿ ಬದಲಾದಂತೆ ವಸ್ತು ಬದಲಾಗಿದೆ. ಅದರಿಂದಲೇ ಕಲೆ ಉಳಿದಿದೆ. ಹುಕ್ಕಾದೊಂದಿಗೆ ಬಿದ್ರಿಯೂ ಹೋಗಬೇಕಿತ್ತು ಎಂದು ಬಯಸುವವರು ಮಾತ್ರ ಪೆನ್‌ಡ್ರೈವ್ ಕಂಡು ನಗಬಹುದು.

ಎಲ್ಲಿ ಸೋಲುತ್ತಿದೆ?

ಪ್ರಶ್ನೆ ಇರುವುದು ಬೇರೆ ಕಡೆ. ಹಳೆಯ ಒಳ್ಳೆಯ ವಸ್ತುವೊಂದನ್ನು, ಉದಾಹರಣೆಗೆ ಹೈದರಾಬಾದಿನ ಸಾಲಾರ್ ಜಂಗ್ ಸಂಗ್ರಹಾಲಯದ ಬಿದ್ರಿಯನ್ನು, ಗಮನವಿಟ್ಟು ನೋಡಿ. ಕಪ್ಪು ಅಲ್ಲಿ ಬರೀ ಹಿನ್ನೆಲೆಯಲ್ಲ. ಬಳ್ಳಿ ಎಲ್ಲಿ ತಿರುಗಬೇಕು, ಹೂವು ಎಲ್ಲಿ ನಿಲ್ಲಬೇಕು ಎಂಬುದನ್ನು ಪಾತ್ರೆಯ ಮೈಯೇ ನಿರ್ಧರಿಸಿದೆ. ಕುತ್ತಿಗೆಯ ಬಳಿ ನಕ್ಷೆ ಸಣ್ಣದು, ಹೊಟ್ಟೆಯ ಬಳಿ ದೊಡ್ಡದು. ಆಕಾರಕ್ಕೂ ಅಲಂಕಾರಕ್ಕೂ ಜಗಳವಿಲ್ಲ.

ಇಂದು ಅಂಗಡಿಗಳಲ್ಲಿ ಸಿಗುವ ಅನೇಕ ವಸ್ತುಗಳಲ್ಲಿ ಈ ಒಪ್ಪಂದ ಮುರಿದಿದೆ. ಹೂದಾನಿಗೆಂದು ಹುಟ್ಟಿದ ಬಳ್ಳಿಯನ್ನು ಎರಡು ಅಂಗುಲದ ತುಂಡಿಗೆ ಕತ್ತರಿಸಿ ಹಾಕಿದರೆ ಅದು ಬಳ್ಳಿಯಾಗಿ ಉಳಿಯುವುದಿಲ್ಲ. ಚಿಕ್ಕ ವಸ್ತುವಿಗೆ ಚಿಕ್ಕದಾದ ಹೊಸ ನಕ್ಷೆ ಬೇಕು. ಒಂದೇ ಎಲೆ, ಒಂದೇ ಗೆರೆ, ಸುತ್ತ ಸಾಕಷ್ಟು ಕಪ್ಪು. ಇತ್ತೀಚಿನ ಒಳ್ಳೆಯ ಕಿವಿಯೋಲೆಗಳಲ್ಲಿ ಈ ತಿಳಿವಳಿಕೆ ಕಾಣುತ್ತದೆ. ಅಲ್ಲಿ ಬಿದ್ರಿ ಹೊಸದಾಗಿಯೂ ಬಿದ್ರಿಯಾಗಿಯೂ ಇದೆ. ಗಿಡುಗಿದ ಕೀಲಿಗೊಂಚಲುಗಳಲ್ಲಿ ಕಾಣುವುದಿಲ್ಲ.

ಎರಡನೆಯದು ಬೆಳ್ಳಿ. 2000ದ ದಶಕದ ಮೊದಲ ವರ್ಷಗಳಲ್ಲಿ ಕಿಲೋಗೆ ಹತ್ತು ಸಾವಿರ ರೂಪಾಯಿಯ ಆಚೀಚೆ ಇದ್ದ ಬೆಳ್ಳಿ 2025ರಲ್ಲಿ ಒಂದು ಲಕ್ಷವನ್ನು ದಾಟಿತು. ಗಿರಾಕಿ ಮಾತ್ರ ಹಳೆಯ ಬೆಲೆಯನ್ನೇ ಕೇಳುತ್ತಾನೆ. ಆಗ ತಂತಿ ತೆಳುವಾಗುತ್ತದೆ. ತೆಳುವಾದ ತಂತಿಗೆ ಆಳವಾದ ತೋಡು ಬೇಕಿಲ್ಲ. ಆಳವಿಲ್ಲದ ತೋಡಿನಲ್ಲಿ ಕೂತ ಬೆಳ್ಳಿ ಬಹುಕಾಲ ನಿಲ್ಲುವುದಿಲ್ಲ. ಇದನ್ನು ಕುಶಲಕರ್ಮಿಯ ಮೋಸ ಎನ್ನುವುದು ಸುಲಭ. ಚೌಕಾಸಿ ಮಾಡಿದವರು ಯಾರು ಎಂದೂ ಕೇಳಬೇಕಲ್ಲವೇ?

ಮೂರನೆಯದು ಸನ್ಮಾನ ಸಂಸ್ಕೃತಿ. ಇಂದು ಬಿದ್ರಿಗೆ ಒಬ್ಬ ದೊಡ್ಡ ಗಿರಾಕಿ ಎಂದರೆ ಸಭೆ ಸಮಾರಂಭ. ಗಣ್ಯರಿಗೆ ಕೊಡುವ ಸ್ಮರಣಿಕೆಗೆ ಗಾಜಿನ ಪೆಟ್ಟಿಗೆ, ಹಿತ್ತಾಳೆಯ ಹೆಸರುಫಲಕ. ಫಲಕದ ಮೇಲೆ ಕೊಟ್ಟ ಸಂಸ್ಥೆಯ ಹೆಸರಿರುತ್ತದೆ, ಪಡೆದವರ ಹೆಸರಿರುತ್ತದೆ. ಮಾಡಿದವನ ಹೆಸರು ಇರುವುದಿಲ್ಲ. ಈ ಬೇಡಿಕೆಯಿಂದ ಎಷ್ಟೋ ಮನೆಗಳ ಒಲೆ ಉರಿಯುತ್ತಿದೆ ಎಂಬುದು ನಿಜ. ಆದರೆ ಪೆಟ್ಟಿಗೆಯಿಂದ ಹೊರಬರದ ವಸ್ತುವನ್ನು ಯಾರೂ ಮುಟ್ಟುವುದಿಲ್ಲ, ಬಳಸುವುದಿಲ್ಲ, ಅದರ ತಪ್ಪು ಒಪ್ಪು ಹೇಳುವುದಿಲ್ಲ. ಹೀಗೆ ನೂರು ಸ್ಮರಣಿಕೆ ಮಾಡಿದ ಹುಡುಗನಿಗೆ ನೂರೊಂದನೆಯದನ್ನು ಇನ್ನಷ್ಟು ಚೆನ್ನಾಗಿ ಮಾಡಬೇಕೆಂಬ ಒತ್ತಾಯ ಎಲ್ಲಿಂದ ಬರಬೇಕು? ಪಾನ್‌ದಾನ್ ಬಳಸುತ್ತಿದ್ದ ಮನೆಯೊಡತಿ ಅದರ ಮುಚ್ಚಳ ಸರಿಯಾಗಿ ಕೂರದಿದ್ದರೆ ವಾಪಸು ಕಳಿಸುತ್ತಿದ್ದಳು. ಆಕೆಯೇ ಬಿದ್ರಿಯ ಮೊದಲ ವಿಮರ್ಶಕಿ.

ಭಾಲ್ಕಿ, ಔರಾದ ಕಡೆಯ ಸೂಜಿ

ಬಿದ್ರಿ ಬೀದರ್ ಪಟ್ಟಣದ ಕಸುಬು. ಜಿಲ್ಲೆಯ ಕೈಕೆಲಸ ಎಂದರೆ ಅದೊಂದೇ ಎಂದುಕೊಂಡರೆ ತಪ್ಪಾದೀತು. ಭಾಲ್ಕಿಯ ಹಳ್ಳಿಗಳ ಕಡೆ ಹೋದರೆ ಕೌದಿ ಇದೆ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡು ಜೋಡಿಸಿ, ಅಂಚಿನಿಂದ ನಡುವಿನವರೆಗೆ ಸಾಲುಸಾಲಾಗಿ ಹೊಲಿಯುವ ಕೆಲಸ. ಹಿಂದೂ ಮನೆಯಲ್ಲೂ ಮುಸ್ಲಿಮ್ ಮನೆಯಲ್ಲೂ ಕೂಸು ಮಲಗುವುದು ಅದರ ಮೇಲೆಯೇ. ಔರಾದದ ತಾಂಡಾಗಳಲ್ಲಿ ಲಂಬಾಣಿ ಹೆಣ್ಣುಮಕ್ಕಳ ಕನ್ನಡಿ, ಕವಡೆಗಳ ಕಸೂತಿ ಇದೆ.

ಇವೆರಡೂ ಹೆಂಗಸರ ಕೆಲಸ, ಹೆಚ್ಚಾಗಿ ಮಾರಾಟಕ್ಕಲ್ಲದ ಕೆಲಸ. ಆದ್ದರಿಂದಲೇ ನಮ್ಮ ಕಲಾಚರ್ಚೆಯಲ್ಲಿ ಇವಕ್ಕೆ ಸ್ಥಾನವಿಲ್ಲ. ಗಂಡಸು ಪೇಟೆಗೆ ಮಾಡಿದರೆ ಕಲೆ, ಹೆಂಗಸು ಮನೆಗೆ ಮಾಡಿದರೆ ಮನೆಗೆಲಸ ಎಂಬ ಲೆಕ್ಕ ಇಲ್ಲಿ ಸದ್ದಿಲ್ಲದೆ ನಡೆದಿದೆ. ಬಳ್ಳಾರಿ ಜಿಲ್ಲೆಯ ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಅಲ್ಲಿ ಹೆಂಗಸರು ಸಂಘಟಿತರಾಗಿ ದುಡಿದಿದ್ದರು. ಔರಾದದ ಸೂಜಿಗೂ ಅದೇ ಕನ್ನಡಿ, ಅದೇ ದಾರ. ತಾಂಡಾದಲ್ಲಿ ಹಬ್ಬಹುಣ್ಣಿಮೆಗೆ ಮಾತ್ರ ಪೆಟ್ಟಿಗೆಯಿಂದ ಹೊರಬರುವ ಫೇಟಿಯಾ, ಕಾಂಚಳಿಗಳನ್ನು ತೊಟ್ಟವರ ವಯಸ್ಸು ನೋಡಿದರೆ ಮುಂದಿನ ಕಥೆ ತಿಳಿಯುತ್ತದೆ.

ಇದೇ ವೇಳೆ ಬೆಂಗಳೂರಿನ ದುಬಾರಿ ಅಂಗಡಿಗಳಲ್ಲಿ ಕೈಹೊಲಿಗೆಯ ಕೌದಿಗೆ ಸಾವಿರಾರು ರೂಪಾಯಿ. ಹಳ್ಳಿಯ ಮದುವೆಯಲ್ಲಿ ಮಿಲ್ಲಿನ ಮೆತ್ತನೆಯ ಕಂಬಳಿಗೇ ಮರ್ಯಾದೆ. ಕೈಕೆಲಸದ ಮೋಹ ಕಡಿಮೆಯಾಗಿಲ್ಲ, ಮೋಹಿಸುವವರ ವರ್ಗ ಬದಲಾಗಿದೆ. ಬಡವರು ಬಿಟ್ಟದ್ದನ್ನು ಶ್ರೀಮಂತರು ಎತ್ತಿಕೊಂಡಿದ್ದಾರೆ. ಹೊಲಿಯುವ ಕೈಗೆ ಅದರಲ್ಲಿ ಎಷ್ಟು ಪಾಲು ಎಂಬುದೇ ಕೇಳಬೇಕಾದ ಪ್ರಶ್ನೆ.

ಹೆಸರು ಯಾರದು, ಕೂಲಿ ಯಾರದು?

ಬಿದ್ರಿಗೆ 2006ರಲ್ಲಿ ಭೌಗೋಳಿಕ ಸೂಚಿಕೆ ದೊರೆಯಿತು. 2011ರ ಗಣರಾಜ್ಯೋತ್ಸವದಲ್ಲಿ ಕರ್ನಾಟಕದ ಸ್ತಬ್ಧಚಿತ್ರವಾಗಿ ಅದು ದೆಹಲಿಯ ರಾಜಪಥದಲ್ಲಿ ಸಾಗಿತು. ರಾಜ್ಯ ಸರ್ಕಾರದ ಕಾವೇರಿ ಮಳಿಗೆಗಳಲ್ಲಿ ಮಾರಾಟವಿದೆ. ಇವೆಲ್ಲ ಬೇಕಾದವೇ. ಆದರೆ ಭೌಗೋಳಿಕ ಸೂಚಿಕೆ ಕಾಯುವುದು ಹೆಸರನ್ನು. ಕೊಳ್ಳುವವನು ಹೆಸರಿನ ಅರ್ಥ ಕೇಳದಿದ್ದರೆ, ಅಗ್ಗದ ಲೋಹಕ್ಕೆ ಕಪ್ಪು ಬಣ್ಣ ಬಳಿದದ್ದೂ ಅವನಿಗೆ ಬಿದ್ರಿಯೇ. 2023ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ಕಮ್ಮಾರ, ಅಕ್ಕಸಾಲಿಗ, ಕುಂಬಾರ, ದರ್ಜಿ ಎಲ್ಲರಿಗೂ ಅಲ್ಲಿ ಹೆಸರಿದೆ. ಬಿದ್ರಿ ಕೆಲಸಕ್ಕೆ ಹೆಸರಿಟ್ಟ ಸಾಲು ಆ ಪಟ್ಟಿಯಲ್ಲಿಲ್ಲ. ಅದೇ ವರ್ಷ ಪದ್ಮಶ್ರೀ ಕೊಟ್ಟ ಕಲೆಗೇ ಹೀಗೆ.

ಒಂದು ಬಿದ್ರಿ ವಸ್ತು ಒಬ್ಬನಿಂದ ಆಗುವುದಿಲ್ಲ. ಎರಕದವನು, ಕೊರೆಯುವವನು, ಬೆಳ್ಳಿ ಕೂರಿಸುವವನು, ಉಜ್ಜುವವನು ಬೇರೆಬೇರೆ ಇರುತ್ತಾರೆ. ಲೋಹದ ಪುಡಿ ಉಸಿರಿಗೆ, ಸೂಕ್ಷ್ಮ ಗೆರೆ ಕಣ್ಣಿಗೆ. ಪ್ರಶಸ್ತಿ ಒಬ್ಬರಿಗೆ ಬಂದಾಗ ಸಂತೋಷಪಡೋಣ. ಚೌಬಾರದ ಸುತ್ತಲಿನ ಓಣಿಗಳಲ್ಲಿ ದಿನಗೂಲಿಗೆ ಕೂತ ಉಳಿದವರ ಮಕ್ಕಳು ಈ ಕಸುಬಿಗೆ ಬರುವರೇ ಎಂಬುದು ಪ್ರಶಸ್ತಿಯಿಂದ ತೀರ್ಮಾನವಾಗುವುದಿಲ್ಲ. ಕೂಲಿಯಿಂದ ತೀರ್ಮಾನವಾಗುತ್ತದೆ. ಬೈಕ್ ಮೇಲೆ ಊಟ ತಲುಪಿಸುವ ಕೆಲಸದಲ್ಲಿ ಹೆಚ್ಚು ಸಿಗುವುದಾದರೆ ಹುಡುಗ ಹೈದರಾಬಾದಿಗೆ ಹೋಗುತ್ತಾನೆ. ಅವನನ್ನು ದೂರುವ ಹಕ್ಕು ನಮಗಿಲ್ಲ.

ಕಾಯಕ ಎಂಬ ಮಾತಿಗೆ ಅರ್ಥ ಕೊಟ್ಟ ಕಲ್ಯಾಣ ಇದೇ ಜಿಲ್ಲೆಯಲ್ಲಿದೆ. ಕೈದುಡಿಮೆಯ ಅನ್ನವೇ ಮೇಲು ಎಂದು ಮಸೀದಿಯಲ್ಲೂ ಹೇಳುತ್ತಾರೆ. ಇಷ್ಟು ದೊಡ್ಡ ಮಾತುಗಳ ನೆರಳಿನಲ್ಲಿರುವ ನಾವು ಮಾಡಬೇಕಾದ ಕೆಲಸ ಚಿಕ್ಕದು. ಬಿದ್ರಿ ಕೊಳ್ಳುವಾಗ ಕೈಗೆತ್ತಿಕೊಂಡು ತೂಕ ನೋಡಿ. ಬೆಳ್ಳಿ ಎಷ್ಟಿದೆ, ತಂತಿಯೋ ತಗಡೋ ಎಂದು ಕೇಳಿ. ಮಾಡಿದವರ ಹೆಸರು ಕೇಳಿ, ರಸೀದಿಯಲ್ಲಿ ಬರೆಸಿಕೊಳ್ಳಿ. ಸಮಾರಂಭಕ್ಕೆ ಸ್ಮರಣಿಕೆ ತರಿಸುವ ಸಂಘಸಂಸ್ಥೆಗಳು ಫಲಕದಲ್ಲಿ ಒಂದು ಸಾಲು ಹೆಚ್ಚು ಕೊರೆಸಿ ಮಾಡಿದವರ ಹೆಸರು ಹಾಕಿಸಲಿ. ಮನೆಗೆ ತಂದದ್ದನ್ನು ಪೆಟ್ಟಿಗೆಯಲ್ಲಿ ಮುಚ್ಚಿಡದೆ ಬಳಸಿ. ಕಪ್ಪು ಮಂಕಾದರೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ. ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಎಂದು ಹೇಳಿ, ಚೆನ್ನಾಗಿದ್ದದ್ದಕ್ಕೆ ತಕ್ಕ ಬೆಲೆ ಕೊಡಿ. ಒಳ್ಳೆಯ ಉಸ್ತಾದ್ ನಮ್ಮಿಂದ ಬಯಸುವುದು ಅಷ್ಟೇ.