ವಿದ್ಯೆಯ ಮೂರನೆಯ ಪಾಲು

ವಿದ್ಯಾರ್ಥಿಯು ತನ್ನ ವಿದ್ಯೆಯ ಕಾಲು ಪಾಲನ್ನು ಆಚಾರ್ಯನಿಂದಲೂ, ಇನ್ನೊಂದು ಪಾಲನ್ನು ಸ್ವಂತ ಮೇಧೆಯಿಂದಲೂ, ಮೂರನೆಯದನ್ನು ಸಹಾಧ್ಯಾಯಿಗಳಿಂದಲೂ, ಉಳಿದುದನ್ನು ಕಾಲಕ್ರಮದಿಂದಲೂ ಪಡೆಯುತ್ತಾನೆಂದು ನಮ್ಮ ಪ್ರಾಚೀನರು ಹೇಳಿರುವರು. ಪಾಠಶಾಲೆಯ ಬಾಲಕರೂ ಬಲ್ಲ ಮಾತಿದು. ಆದರೆ ನವೋದಯ ಸಾಹಿತ್ಯವನ್ನು ವಿಮರ್ಶಿಸುವವರು ಈ ಮೂರನೆಯ ಪಾಲನ್ನು ಲೆಕ್ಕಕ್ಕೆ ಹಿಡಿಯುವುದು ಅಪೂರ್ವ. ಆ ಸಾಹಿತ್ಯದ ಕಾರಣವನ್ನು ಕೆಲವರು ಕವಿಗಳ ಪ್ರತಿಭೆಯಲ್ಲಿ ಅರಸುತ್ತಾರೆ. ಕೆಲವರು ಇಂಗ್ಲಿಷ್ ಕಾವ್ಯದ ಪ್ರಭಾವದಲ್ಲಿ ಅರಸುತ್ತಾರೆ. ಎರಡೂ ಸತ್ಯವೇ. ಆದರೆ ಪ್ರತಿಭೆಯೂ ಪ್ರಭಾವವೂ ಕೂಡಿ ಫಲಿಸುವುದಕ್ಕೆ ಒಂದು ಸ್ಥಾನ ಬೇಕು. ಧಾರವಾಡದಲ್ಲಿ ಬೇಂದ್ರೆಯವರ ಗೆಳೆಯರ ಗುಂಪು ಅಂಥ ಸ್ಥಾನವಾಯಿತು. ಮೈಸೂರು ಸೀಮೆಯಲ್ಲಿ ಆ ಸ್ಥಾನವು ಬಹುಮಟ್ಟಿಗೆ ಕಾಲೇಜುಗಳ ಆವರಣವೇ ಆಗಿತ್ತೆಂಬುದನ್ನು ಇಲ್ಲಿ ವಿಚಾರಿಸೋಣ.

ಕಾಲೇಜಿನ ಬೋಧನೆಯೆಲ್ಲ ಇಂಗ್ಲಿಷಿನಲ್ಲಿ ಸಾಗುತ್ತಿದ್ದ ಕಾಲದಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಕರ್ನಾಟಕ ಸಂಘವು ಹುಟ್ಟಿತು. ಎ. ಆರ್. ಕೃಷ್ಣಶಾಸ್ತ್ರಿಗಳು ಅದರ ಜೀವಾಳವಾಗಿದ್ದರು. 1910ರ ದಶಕದ ಕೊನೆಗೆ ಆ ಸಂಘದಿಂದ ಹೊರಟ 'ಪ್ರಬುದ್ಧ ಕರ್ನಾಟಕ'ವು ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಪತ್ರಿಕೆಯಾಯಿತು. ಶಾಸ್ತ್ರಿಗಳೂ ಅವರ ಮಿತ್ರರಾದ ಟಿ. ಎಸ್. ವೆಂಕಣ್ಣಯ್ಯನವರೂ ಕೂಡಿ 'ಹರಿಶ್ಚಂದ್ರ ಕಾವ್ಯ ಸಂಗ್ರಹ'ವನ್ನು ಸಿದ್ಧಪಡಿಸಿದರು. 1926ರಲ್ಲಿ 'ಇಂಗ್ಲಿಷ್ ಗೀತಗಳು' ಸಂಕಲನವನ್ನು ಕೊಟ್ಟ ಬಿ. ಎಂ. ಶ್ರೀಕಂಠಯ್ಯನವರು ಕಾಲೇಜಿನಲ್ಲಿ ಇಂಗ್ಲಿಷಿನ ಅಧ್ಯಾಪಕರು. ಇವರಾರೂ ಏಕಾಂತದಲ್ಲಿ ಕುಳಿತು ಸಾಹಿತ್ಯವನ್ನು ಕಟ್ಟಿದವರಲ್ಲ. ತರಗತಿ ಮುಗಿದ ಮೇಲೆಯೂ ಮಾತನ್ನು ಮುಗಿಸದವರು. 1927ರಲ್ಲಿ ಮೈಸೂರಿನಲ್ಲಿ ಕನ್ನಡ ಎಂ.ಎ. ತರಗತಿಯು ಆರಂಭವಾಗುವ ವೇಳೆಗೆ ಅದಕ್ಕೆ ಬೇಕಾದ ನೆಲವು ಈ ಒಡನಾಟದಿಂದ ಹದವಾಗಿತ್ತು.

ಈ ಮಾತಿಗೆ ಕಾವ್ಯದೊಳಗಿನ ಸಾಕ್ಷ್ಯವೇ ಬೇಕೆನ್ನುವವರು 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯದ ಅರ್ಪಣೆಯನ್ನು ನೋಡಬೇಕು. 1929ರಲ್ಲಿ ಎಂ.ಎ. ಪದವಿಯನ್ನು ಪಡೆದು ತಾವು ಓದಿದ ಮಹಾರಾಜಾ ಕಾಲೇಜಿನಲ್ಲಿಯೇ ಅಧ್ಯಾಪಕರಾದ ಕುವೆಂಪು ಅವರು ಆ ಕಾವ್ಯವನ್ನು ತಮ್ಮ ಗುರುಗಳಾದ ವೆಂಕಣ್ಣಯ್ಯನವರಿಗೆ ಅರ್ಪಿಸಿರುವರು. ಗುರುವು ಶಿಷ್ಯನ ಮನೆಯಾದ ಉದಯರವಿಗೆ ಕಾವ್ಯವನ್ನು ಕೇಳಲೆಂದು ಬಂದರಂತೆ. ಶಿಷ್ಯನು ಕಿರುಗವನಗಳನ್ನು ಓದುತ್ತಿರುವಷ್ಟರಲ್ಲೇ ಸಂಜೆಯಾಯಿತು. ರಾಮಾಯಣವನ್ನು ಕೇಳಲು ಇನ್ನೊಮ್ಮೆ ಬರುವೆನು, ದಿನವೆಲ್ಲ ಕೇಳುವೆನು ಎಂದು ಹೇಳಿ ಗುರುವು ಹೊರಟರು. ಆ ದಿನವು ಮತ್ತೆ ಬರಲಿಲ್ಲ. 1939ರಲ್ಲಿ ವೆಂಕಣ್ಣಯ್ಯನವರು ಕಾಲವಾದರು. ಕೇಳಬೇಕೆಂದಿದ್ದ ಗುರುವಿಗೆ ಕಾವ್ಯವನ್ನು ಮುಗಿಸಿ ತಂದಿರುವೆನೆಂದು ಶಿಷ್ಯನು ಒಪ್ಪಿಸುತ್ತಾನೆ.

ಸಹೃದಯರು ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. 941ರ ಸುಮಾರಿಗೆ ಭಾರತವನ್ನು ರಚಿಸಿದ ಪಂಪನು ತನಗೆ ಆಶ್ರಯವಿತ್ತ ಅರಿಕೇಸರಿಯನ್ನು ಕಥಾನಾಯಕನಾದ ಅರ್ಜುನನೊಡನೆ ಒಂದಾಗಿಸಿ ವರ್ಣಿಸಿದನು. ಸಾವಿರ ವರ್ಷಗಳ ತರುವಾಯ ಕನ್ನಡದ ಮಹಾಕಾವ್ಯದಲ್ಲಿ ಪ್ರಭುವಿನ ಪೀಠವು ಕಾಲೇಜಿನ ಒಬ್ಬ ಉಪಾಧ್ಯಾಯರಿಗೆ ಸಂದಿತು. ಇದು ಒಂದು. ಎರಡನೆಯದು ಇದಕ್ಕಿಂತಲೂ ಸೂಕ್ಷ್ಮ. ಇಲ್ಲಿ ಗುರುವು ಬೋಧಿಸುವವನಾಗಿ ಬರುವುದಿಲ್ಲ, ಕೇಳುವವನಾಗಿ ಬರುತ್ತಾನೆ. ಅದೂ ಶಿಷ್ಯನ ಮನೆಗೆ. ಆಚಾರ್ಯನ ಪಾಲು ಸಹಾಧ್ಯಾಯಿಯ ಪಾಲಿನೊಡನೆ ಬೆರೆಯುವುದು ಹೀಗೆಯೇ. ಅಭಿನವಗುಪ್ತಾಚಾರ್ಯರು 'ಲೋಚನ'ದ ಆರಂಭದಲ್ಲಿ ಸರಸ್ವತಿಯ ತತ್ತ್ವವನ್ನು ಕವಿ, ಸಹೃದಯ ಎಂಬೆರಡು ಹೆಸರುಗಳನ್ನು ಕೂಡಿಸಿಯೇ ಹೇಳುತ್ತಾರೆ. ಕವಿಯೊಬ್ಬನಿಂದಲೇ ಆ ತತ್ತ್ವವು ಪೂರ್ಣವಾಗದು. ತಾವು ಬರೆದುದು ಸ್ವಲ್ಪವಾದರೂ ಅನೇಕರನ್ನು ಬರೆಯಿಸಿದ ವೆಂಕಣ್ಣಯ್ಯನವರ ಸ್ಥಾನವನ್ನು ಗ್ರಂಥಗಳ ಸಂಖ್ಯೆಯಿಂದ ಅಳೆಯುವ ವಿಮರ್ಶೆಯು ಈ ಕಾರಣದಿಂದಲೇ ಸೋಲುತ್ತದೆ.

ಆದರೆ ಸ್ತುತಿಯಷ್ಟೇ ವಿಮರ್ಶೆಯಾಗದು. ಗೋಷ್ಠಿಯ ಯೋಗ್ಯತೆಯನ್ನು ಅದರ ಬಾಗಿಲಿನಿಂದಲೂ ಅಳೆಯಬೇಕು. ಕುಪ್ಪಳಿಯ ಒಕ್ಕಲು ಮನೆತನದ ಹುಡುಗನಿಗೆ ಬ್ರಾಹ್ಮಣ ಗುರುವಿನ ಹೃದಯದಲ್ಲಿ ಸ್ಥಾನ ದೊರೆಯಿತು. ಅದರಿಂದ ಕನ್ನಡಕ್ಕೆ ಒಂದು ಮಹಾಕಾವ್ಯವು ದೊರೆಯಿತು. ಆದರೆ ಆ ಕಾಲದ ಕಾಲೇಜುಗಳಲ್ಲಿ ಹೆಣ್ಣುಮಕ್ಕಳು ವಿರಳ; ದಲಿತರ ಮಕ್ಕಳು ಇನ್ನೂ ವಿರಳ. ಒಳಗೆ ಬಾರದವರಿಂದ ನಮಗೆ ಯಾವ ಕಾವ್ಯಗಳು ತಪ್ಪಿಹೋದುವೆಂಬುದನ್ನು ಹೇಳಬಲ್ಲವರಾರು? ಮೈಸೂರು ವಿಶ್ವವಿದ್ಯಾನಿಲಯದವರು ಪ್ರಚಾರೋಪನ್ಯಾಸಗಳ ಮೂಲಕ ಅಧ್ಯಾಪಕರನ್ನು ಊರೂರಿಗೆ ಕಳುಹಿಸಿ, ಆ ಉಪನ್ಯಾಸಗಳನ್ನು ಕಿರುಹೊತ್ತಗೆಗಳಾಗಿ ಅಚ್ಚು ಹಾಕಿಸಿದುದು ಈ ನ್ಯೂನತೆಗೆ ಮಾಡಿದ ಒಂದು ಸತ್ಪ್ರಯತ್ನವೆನ್ನಬೇಕು.

ಇಂದು ಬಾಗಿಲು ಅಗಲವಾಗಿದೆ. ಪೂರ್ವದಲ್ಲಿ ಹೊರಗೇ ಉಳಿದಿದ್ದ ಮನೆತನಗಳ ಮಕ್ಕಳು, ವಿಶೇಷವಾಗಿ ಹೆಣ್ಣುಮಕ್ಕಳು, ಕಾಲೇಜಿನ ಅಂಗಳವನ್ನು ತುಂಬಿರುವರು. ಖೇದದ ವಿಷಯವೆಂದರೆ, ಬಾಗಿಲು ತೆರೆದ ಕಾಲದಲ್ಲಿಯೇ ಒಳಗಿನ ಗೋಷ್ಠಿಯು ಕ್ಷೀಣಿಸುತ್ತಿದೆ. ಕನ್ನಡ ಸಂಘಗಳಿಲ್ಲವೆಂದಲ್ಲ. ಅನೇಕ ಕಡೆಗಳಲ್ಲಿ ಅವು ನವೆಂಬರಿನಲ್ಲಿ ಎಚ್ಚತ್ತು, ಹಾರ ಹಾಕಿ, ಭಾಷಣ ಮುಗಿಸಿ, ಮರುವರ್ಷದವರೆಗೆ ಮಲಗುತ್ತವೆ. ಸಂಘಕ್ಕೆ ಬೇಕಾದುದು ಹೆಚ್ಚಿನ ಹಣವಲ್ಲ. ವಾರಕ್ಕೊಂದು ಸಂಜೆ, ಒಂದು ಕೊಠಡಿ, ಗಟ್ಟಿಯಾಗಿ ಓದುವ ಒಬ್ಬ ವಿದ್ಯಾರ್ಥಿ, ತಪ್ಪನ್ನು ಸ್ನೇಹದಿಂದ ತಿದ್ದುವ ನಾಲ್ವರು ಸಹಪಾಠಿಗಳು, ಗಡಿಯಾರವನ್ನು ನೋಡದೆ ಕೇಳುವ ಒಬ್ಬ ಅಧ್ಯಾಪಕರು; ಇಷ್ಟಿದ್ದರೆ ಸಾಕು.

ಮನೆಯ ಹಿರಿಯರಿಂದಲೂ ಇದಕ್ಕೆ ಸಹಾಯವಾಗಬಹುದು. ಕಾಲೇಜಿನಿಂದ ಬಂದ ಮಗನನ್ನೋ ಮಗಳನ್ನೋ ಎಷ್ಟು ಅಂಕಗಳು ಬಂದುವೆಂದು ಕೇಳುವುದು ವಾಡಿಕೆ. ಅದರ ಜೊತೆಗೆ, ಈ ವಾರ ಯಾರ ಸಂಗಡ ಕುಳಿತು ಏನನ್ನು ಓದಿದೆಯೆಂದೂ ಕೇಳುವುದು ಉಚಿತ.