ರಾಣಿ ಜಾಬೆಲಳ ವಿವಾಹಗಳು

ಕಿಲಿಕಿಯದ ಆರ್ಮೇನಿಯ ರಾಜ್ಯದ ರಾಣಿ ಜಾಬೆಲಳನ್ನು ಸಾಧ್ವೀಮಣಿಯೆಂದು ಹೊಗಳಿ, ಆಕೆಯ ಎರಡನೆಯ ವಿವಾಹವನ್ನು ರೂಬೇನ, ಹೆತುಮ ವಂಶಗಳ ವೈರದ ಮಂಗಳಾಂತವೆಂದು ವರ್ಣಿಸುವ ರೂಢಿಯುಂಟು. ಈ ಮತವು ಪರಿಶೀಲನಾರ್ಹವಾದುದು.

1219ರಲ್ಲಿ ತಂದೆಯಾದ ಲೆವೊನ್ ದೊರೆಯು ತೀರಿಕೊಂಡಾಗ ಆಕೆಯಿನ್ನೂ ಎಳೆಯ ಬಾಲೆ. ರಾಜ್ಯಭಾರವು ಕ್ರಮೇಣ ಹೆತುಮ ವಂಶದ ಕಾನ್‌ಸ್ಟಂಟೈನನ ಕೈಸೇರಿತು. 1222ರಲ್ಲಿ ಆಕೆಯನ್ನು ಆಂಟಿಯೋಕಿನ ರಾಜಪುತ್ರ ಫಿಲಿಪ್ಪನಿಗೆ ಕೊಟ್ಟು ಮದುವೆ ಮಾಡಿದರು. ಆರ್ಮೇನಿಯರ ಮತಾಚಾರಗಳನ್ನು ಕೈಕೊಳ್ಳುವೆನೆಂಬ ಮಾತಿಗೆ ತಪ್ಪಿದನೆಂಬ ಆಕ್ಷೇಪವೆದ್ದು, ಆತನು ಸೆರೆಬಿದ್ದು ಅಲ್ಲಿಯೇ ಸತ್ತನು, ವಿಷಪ್ರಯೋಗವಾಯಿತೆಂದು ಪ್ರತೀತಿ. ಬಾಲವಿಧವೆಯು ಸೆಲೂಕಿಯದ ಕೋಟೆಯಲ್ಲಿದ್ದ ಹಾಸ್ಪಿಟಲರ್ ಯೋಧಸಂನ್ಯಾಸಿಗಳ ಮರೆಹೊಕ್ಕಳು. ಕಾನ್‌ಸ್ಟಂಟೈನನು ಮುತ್ತಿಗೆ ಹಾಕಲು, ಅವರು ಆಕೆಯೊಡನೆ ಕೋಟೆಯನ್ನೂ ಒಪ್ಪಿಸಿದರು. 1226ರಲ್ಲಿ ಆತನ ಮಗ ಹೆತುಮನೊಡನೆ ವಿವಾಹವು ನಡೆಯಿತು. ಆಕೆಯ ಮನಸ್ಸನ್ನು ತಿಳಿಯಲು ಈ ಪಲಾಯನಕ್ಕಿಂತ ಬಲವಾದ ಸಾಕ್ಷ್ಯವು ಬೇಕೆ?

ಈ ಕಾಲದ ಮುಖ್ಯ ವೃತ್ತಾಂತಕಾರರಲ್ಲೊಬ್ಬನಾದ ಸ್ಂಬಾತನು ಕಾನ್‌ಸ್ಟಂಟೈನನ ಮಗ, ಹೆತುಮನ ಅಣ್ಣ. ತಂದೆಯ ಕೃತ್ಯವನ್ನೂ ತಮ್ಮನ ಪಟ್ಟವನ್ನೂ ಅವನ ಲೇಖನಿಯೊಂದರಿಂದಲೇ ಅಳೆಯುವುದು ನ್ಯಾಯವಲ್ಲ.

ಉಳಿದುದು ನಾಣ್ಯಗಳ ಸಾಕ್ಷ್ಯ. ಹೆತುಮನ ಬೆಳ್ಳಿನಾಣ್ಯಗಳಲ್ಲಿ ರಾಜರಾಣಿಯರು ಕಿರೀಟಧಾರಿಗಳಾಗಿ, ನಡುವೆ ಶಿಲುಬೆಯನ್ನು ಹಿಡಿದು ನಿಂತಿರುವರು. ಇದನ್ನು ದಾಂಪತ್ಯಸಾಮರಸ್ಯದ ಗುರುತೆನ್ನುವವರುಂಟು. ಆದರೆ ಅಕ್ಷರಗಳಲ್ಲಿರುವ ಹೆಸರು ಹೆತುಮನದು ಮಾತ್ರ. ರಾಜ್ಯದ ಹಕ್ಕು ಆಕೆಯಿಂದ ಬಂದುದು, ಆಳ್ವಿಕೆ ಆತನದು ಎಂಬಷ್ಟನ್ನೇ ನಾಣ್ಯವು ಸಾರುತ್ತದೆ. ಒಲವಿನ ವಿಷಯದಲ್ಲಿ ಅದು ಮೂಕ.

1252ರಲ್ಲಿ ಆಕೆ ಮೃತಳಾದಳು. ಮುಂದೆ ಆಕೆಯ ಮಗ ಲೆವೊನನೇ ಪಟ್ಟವೇರಿದನು. ಸಾಧ್ವಿಯೆಂಬ ಹೊಗಳಿಕೆಯನ್ನು ಸುಳ್ಳೆನ್ನುವುದು ನಮ್ಮ ಉದ್ದೇಶವಲ್ಲ. ಸೆಲೂಕಿಯಕ್ಕೆ ಓಡಿದ ಬಾಲೆಯನ್ನು ಆ ಹೊಗಳಿಕೆಯು ಮರೆಸಬಾರದೆಂಬುದಿಷ್ಟೇ ನಮ್ಮ ಬಿನ್ನಹ.