ಹುಬ್ಬಳ್ಳಿ ಸ್ಟೇಶನ್ನಿನ ಪರಿಷ್ಕೃತ ಆವೃತ್ತಿ

ಪುಸ್ತಕದ ವಿಮರ್ಶೆ ಬರೆಯುವವನಿಗೆ ಒಂದು ಸೌಲಭ್ಯವಿದೆ. ಅವನ ಕೈಗೆ ಬರುವ ಹೊತ್ತಿಗೆ ಕೃತಿ ಮುಗಿದಿರುತ್ತದೆ. ಲೇಖಕ ಇನ್ನು ಅದನ್ನು ತಿದ್ದಲಾರ, ವಿಮರ್ಶಕ ಧೈರ್ಯವಾಗಿ ತನ್ನ ಮಾತು ಹೇಳಬಹುದು. ರೈಲ್ವೆ ಸ್ಟೇಶನ್ನಿನ ಬಗ್ಗೆ ಬರೆಯಹೊರಟವನಿಗೆ ಈ ಸೌಲಭ್ಯ ಇಲ್ಲ. ಓದುಗರು ಒಳಗೆ ಓಡಾಡುತ್ತಿರುವಾಗಲೇ ಅಲ್ಲಿ ಒಂದು ಪುಟ ಹರಿಯುತ್ತಾರೆ, ಇನ್ನೊಂದನ್ನು ಹೊಲಿಯುತ್ತಾರೆ. ನಿನ್ನೆ ಮೆಟ್ಟಿಲಿದ್ದಲ್ಲಿ ಇಂದು ತಗಡಿನ ಗೋಡೆ, ತಗಡಿನ ಗೋಡೆ ಇದ್ದಲ್ಲಿ ನಾಳೆ ಇನ್ನೇನೋ. ಆದರೂ ಹುಬ್ಬಳ್ಳಿ ಸ್ಟೇಶನ್ನನ್ನು ಒಂದು ಕೃತಿಯೆಂದು ಭಾವಿಸಿ ನಾಲ್ಕು ಮಾತು ಬರೆಯಬೇಕೆಂದು ಬಹಳ ದಿನಗಳಿಂದ ಅನಿಸುತ್ತಿತ್ತು. ಕೆಲವು ವರ್ಷ ಅದರ ತಿದ್ದುಪಡಿಯನ್ನು ಹೋದಾಗ ಬಂದಾಗ ನಿಂತು ನೋಡಿದ್ದೇನೆ. ಒಮ್ಮೊಮ್ಮೆ ಊರಿಗೆ ಹೋಗುವ ಕೆಲಸವಿಲ್ಲದಿದ್ದರೂ ಪ್ಲಾಟ್‌ಫಾರಂ ಟಿಕೆಟ್ ತೆಗೆಸಿ ಒಳಗೆ ಹೋಗಿದ್ದೂ ಇದೆ. ಮನೆಯವರು ಇದನ್ನು ವಯಸ್ಸಿನ ಲಕ್ಷಣವೆಂದು ಬಿಟ್ಟಿದ್ದಾರೆ.

ಮೊದಲ ಆವೃತ್ತಿಯ ಕತೆ ಹಲವರಿಗೆ ಗೊತ್ತಿರುವುದೇ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಈ ಸೀಮೆಗೆ ಮೀಟರ್ ಗೇಜ್ ಹಳಿಗಳನ್ನು ತಂದಿತು. ಲೇಖಣಿ ಧಾರವಾಡಕ್ಕೆ ಹೋಯಿತು, ಸುತ್ತಿಗೆ ಹುಬ್ಬಳ್ಳಿಗೆ ಬಂತು. ಕಂಪನಿಯ ಮುಖ್ಯ ಕಚೇರಿಯಾಗಿದ್ದ ಧಾರವಾಡದ ಕಟ್ಟಡದಲ್ಲಿ ಮುಂದೆ ಕರ್ನಾಟಕ ಕಾಲೇಜು ನಡೆಯಿತು. ನಮ್ಮಲ್ಲಿ ಎಷ್ಟೋ ಜನ ಷೇಕ್ಸ್‌ಪಿಯರನನ್ನೂ ಪಂಪನನ್ನೂ ಓದಿದ್ದು ರೈಲ್ವೆಯವರು ಲೆಕ್ಕ ಬರೆದ ಕೋಣೆಗಳಲ್ಲಿ. ಹುಬ್ಬಳ್ಳಿಗೆ ವರ್ಕ್‌ಶಾಪ್ ಬಂತು, ಅದರ ಸುತ್ತ ಒಂದು ಊರೇ ಬೆಳೆಯಿತು. ಮೀಟರ್ ಗೇಜ್ ಕಿತ್ತು ಬ್ರಾಡ್ ಗೇಜ್ ಹಾಕಿದ 1990ರ ದಶಕ ಎರಡನೆಯ ಆವೃತ್ತಿಯೆನ್ನಬಹುದು. 2003ರಲ್ಲಿ ನೈರುತ್ಯ ರೈಲ್ವೆಯ ಮುಖ್ಯ ಕಚೇರಿ ಹುಬ್ಬಳ್ಳಿಗೇ ಬಂದದ್ದು ಜನ ಬೀದಿಗಿಳಿದು ಕೇಳಿದ್ದರಿಂದ. ಅಂದರೆ ಈ ಸ್ಟೇಶನ್ನಿನ ಮೇಲೆ ಊರಿನವರಿಗೆ ಬರೀ ಪ್ರಯಾಣಿಕರ ಹಕ್ಕಷ್ಟೇ ಇಲ್ಲ, ದಾಯಾದಿಗಳ ಹಕ್ಕೂ ಇದೆ.

ನಾನು ಹೇಳಹೊರಟಿರುವುದು ಈಚಿನ ಆವೃತ್ತಿಯ ಮಾತು. ಮೊದಲಿದ್ದ ಐದು ಪ್ಲಾಟ್‌ಫಾರಂಗಳಿಗೆ ಇನ್ನೂ ಮೂರು ಸೇರಿದವು. ಹಳಿಗಳ ಜಾಲವನ್ನು ಬಿಚ್ಚಿ ಹೊಸದಾಗಿ ಹೆಣೆದರು. ಇದರಲ್ಲಿ ಒಂದು ಪ್ಲಾಟ್‌ಫಾರಂ ಅಸಾಧಾರಣ ಉದ್ದ ಆಗಲಿದೆ ಎಂಬ ಸುದ್ದಿ ಪತ್ರಿಕೆಗಳಲ್ಲಿ ಬರತೊಡಗಿತು. ಮೊದಲು 1400 ಮೀಟರ್ ಎಂದರು. ಆಮೇಲೆ 1505 ಎಂದರು. 2023ರ ಮಾರ್ಚ್ 12ರಂದು ಪ್ರಧಾನಿಯವರು ಲೋಕಾರ್ಪಣೆ ಮಾಡುವ ಹೊತ್ತಿಗೆ ಅದು 1507 ಆಗಿತ್ತು. ಗೋರಖಪುರದ 1366 ಮೀಟರ್ ಹಿಂದೆ ಬಿತ್ತು, ಗಿನ್ನೆಸ್ ಪುಸ್ತಕಕ್ಕೆ ಹುಬ್ಬಳ್ಳಿಯ ಹೆಸರು ಸೇರಿತು. ಸುಮಾರು 20 ಕೋಟಿ ರೂಪಾಯಿಯ ಕೆಲಸ. ಕಡೆಯ ಎರಡು ಮೀಟರನ್ನು ಯಾರು, ಯಾವಾಗ, ಯಾಕೆ ಸೇರಿಸಿದರೆಂಬುದು ಪಾಠಾಂತರಗಳ ಅಧ್ಯಯನ ಮಾಡುವ ವಿದ್ವಾಂಸರಿಗೆ ಬಿಟ್ಟ ವಿಷಯ.

ನಗುವುದಕ್ಕೆ ಮೊದಲು ಉದ್ದದ ಕಾರಣ ತಿಳಿದುಕೊಳ್ಳಬೇಕು. ಅದು ತಿಳಿದರೆ ಕೆಲಸ ಮಾಡಿದವರ ಬಗ್ಗೆ ಗೌರವ ಹುಟ್ಟುತ್ತದೆ. ಹುಬ್ಬಳ್ಳಿಗೆ ಮೂರು ಕಡೆಯಿಂದ ದಾರಿ ಬರುತ್ತದೆ: ಧಾರವಾಡದ ಕಡೆಯಿಂದ, ಗದಗಿನ ಕಡೆಯಿಂದ, ಹಾವೇರಿ ದಾವಣಗೆರೆ ಹಾಯ್ದು ಬೆಂಗಳೂರಿನ ಕಡೆಯಿಂದ. ಮೂರು ಹೊಳೆ ಕೂಡುವ ಜಾಗದಲ್ಲಿ ನೀರು ಸುಳಿಯುವ ಹಾಗೆ ಇಂಥ ಜಂಕ್ಷನ್ನಿನಲ್ಲಿ ಗಾಡಿಗಳು ಒಂದಕ್ಕೊಂದು ಅಡ್ಡಬರುತ್ತವೆ. ಪ್ಲಾಟ್‌ಫಾರಂ ಖಾಲಿಯಾಗುವವರೆಗೆ ಬಂದ ಗಾಡಿ ಊರ ಹೊರಗೆ ಸಿಗ್ನಲಿನ ಮುಂದೆ ನಿಲ್ಲಬೇಕು. ಒಂದು ಡಬ್ಬಿಯನ್ನು ಸುಮಾರು 24 ಮೀಟರ್ ಎಂದು ಹಿಡಿದರೆ, ಇಂಜಿನ್ನೂ ಸೇರಿ 22 ಡಬ್ಬಿಯ ಗಾಡಿಗೆ 550 ಮೀಟರ್ ಜಾಗ ಬೇಕು. 1507 ಮೀಟರಿನ ಅಂಚಿಗೆ ಇಂಥ ಎರಡು ಗಾಡಿಗಳು ಒಂದರ ಹಿಂದೊಂದು ನಿಂತು, ನಡುವೆ ಇನ್ನೂ 400 ಮೀಟರ್ ಉಳಿಯುತ್ತದೆ. ಒಂದು ಧಾರವಾಡದ ಕಡೆ ಮುಖ ಮಾಡಿ, ಇನ್ನೊಂದು ಗದಗಿನ ಕಡೆ ಮುಖ ಮಾಡಿ ನಿಂತರೆ ಎರಡೂ ಒಂದೇ ಹೊತ್ತಿಗೆ ಹೊರಡಬಹುದು. ಒಂದು ಪ್ಲಾಟ್‌ಫಾರಂ ಎರಡರ ಕೆಲಸ ಮಾಡಿದಂತಾಯಿತು. ಜೊತೆಗೆ ಜೋಡಿ ಹಳಿ ಬಂತು, ಹೊಸಪೇಟೆಯಿಂದ ಹುಬ್ಬಳ್ಳಿ ಹಾಯ್ದು ತಿನೈಘಾಟಿನವರೆಗೆ ವಿದ್ಯುತ್ ತಂತಿ ಬಂತು. ಕಣ್ಣಿಗೆ ಕಾಣದ ಈ ಹೆಣಿಗೆಯೇ ಪರಿಷ್ಕೃತ ಆವೃತ್ತಿಯ ನಿಜವಾದ ಸಾಧನೆಯೆಂದು ನನ್ನ ಅಭಿಪ್ರಾಯ. ಒಳ್ಳೆಯ ಗದ್ಯದಲ್ಲಿ ವಾಕ್ಯಗಳು ಒಂದನ್ನೊಂದು ತಡೆಯದೆ ಸಾಗುವುದಿಲ್ಲವೇ, ಹಾಗೆ.

ನನ್ನ ತಕರಾರು ಇರುವುದು ಇದನ್ನು ನಮಗೆ ಓದಿಸಿದ ರೀತಿಯ ಬಗ್ಗೆ. ಎರಡು ಗಾಡಿ ಒಟ್ಟಿಗೆ ಹೊರಡುತ್ತವೆ ಎಂಬ ಸಂಗತಿ ಸುದ್ದಿಯ ಕೊನೆಯ ಸಾಲಿಗೆ ಹೋಯಿತು. 1507 ಎಂಬ ಅಂಕಿ ತಲೆಬರಹಕ್ಕೆ ಏರಿತು. ಸಾಧನವಾಗಿದ್ದ ಉದ್ದವೇ ಸಾಧನೆಯಾಯಿತು. ಮಹಾಕಾವ್ಯಕ್ಕೆ ಎಷ್ಟು ಸಾವಿರ ಪದ್ಯ ಎಂದು ಹೇಳಿ ಸುಮ್ಮನಾಗುವ ವಿಮರ್ಶೆಯಂತೆ ಇದು. ಅದೇ ದಿನ ಲೋಕಾರ್ಪಣೆಯಾದ ಹೊಸಪೇಟೆಯ ಸ್ಟೇಶನ್ನಿಗೆ ಹಂಪಿಯ ಸ್ಮಾರಕಗಳ ರೂಪ ಕೊಟ್ಟಿದ್ದಾರೆ. ಹಂಪಿ ನೋಡಲು ಬಂದವನಿಗೆ ಇಳಿದ ಕೂಡಲೇ ಸಿಮೆಂಟಿನ ಹಂಪಿ. ಅಸಲು ಹತ್ತೇ ಹನ್ನೆರಡು ಕಿಲೋಮೀಟರಿನಲ್ಲಿರುವಾಗ ನಕಲು ಯಾಕೆ ಬೇಕೋ ನಾನರಿಯೆ. ಹುಬ್ಬಳ್ಳಿ ಅಂಥ ವೇಷ ಹಾಕಿಕೊಳ್ಳಲಿಲ್ಲ, ಅಷ್ಟಕ್ಕೆ ಸಮಾಧಾನ. ಆದರೆ ಇಲ್ಲಿ ಅಂಕಿಯೇ ಅಲಂಕಾರವಾಯಿತು.

ಉದ್ದದ ಮಾತೇ ಬಂದಾಗ ಇನ್ನೊಂದು ಉದ್ದವೂ ನೆನಪಾಗುತ್ತದೆ. 1990ರ ದಶಕದ ಕೊನೆಗೆ ಮಂಜೂರಾದ ಹುಬ್ಬಳ್ಳಿ–ಅಂಕೋಲಾ ದಾರಿ ಸುಮಾರು 164 ಕಿಲೋಮೀಟರ್. ಘಟ್ಟದ ಕಾಡಿನ ಪ್ರಶ್ನೆ ಅಡ್ಡ ಬಂದು ಅದು ಇನ್ನೂ ಆಗಿಲ್ಲ. ಆಗಬೇಕೆಂದು ನಾನು ಹಟ ಹಿಡಿಯುವವನಲ್ಲ, ಕಾಡಿನ ವಾದದಲ್ಲಿ ತಥ್ಯವಿದೆ. ಆದರೆ 164 ಕಿಲೋಮೀಟರಿನ ಪ್ರಶ್ನೆಗೆ ಉತ್ತರ ಕೊಡಲಾರದ ಕಾಲ 1507 ಮೀಟರಿನಲ್ಲಿ ಎದೆಯುಬ್ಬಿಸುವುದು ಸಹಜವೆನಿಸುತ್ತದೆ.

ಒಂದು ದಿನ ಸಂಜೆ ಆ ಎಂಟನೆಯ ಪ್ಲಾಟ್‌ಫಾರಮ್ಮನ್ನು ಈ ತುದಿಯಿಂದ ಆ ತುದಿಗೆ ನಡೆದು ನೋಡಿದೆ. ಉದ್ದ 1507 ಮೀಟರ್, ಅಗಲ 10 ಮೀಟರ್. ಗುಣಿಸಿ ನೋಡಿದರೆ ಮೂರೂಮುಕ್ಕಾಲು ಎಕರೆಗೆ ತುಸು ಕಡಿಮೆ. ನಮ್ಮ ಕಡೆ ಅಷ್ಟು ಎರಿ ಹೊಲ ಇದ್ದವನಿಗೆ ಹೆಣ್ಣು ಕೊಡುತ್ತಿದ್ದರು. ಸಾವಕಾಶವಾಗಿ ನಡೆದರೆ ಇಪ್ಪತ್ತು ನಿಮಿಷ ಬೇಕು. ನಾನು ಬರಿಗೈಯಲ್ಲಿದ್ದೆ, ಗಾಡಿ ಹಿಡಿಯುವ ಅವಸರ ಇರಲಿಲ್ಲ. ಅರ್ಧ ದಾರಿ ಮುಗಿಯುವ ಹೊತ್ತಿಗೆ ಒಬ್ಬ ಮುದುಕಿ ಎದುರಾದಳು. ತಲೆಯ ಮೇಲೆ ಗಂಟು, ಬಗಲಲ್ಲಿ ಚೀಲ, ಕೈಯಲ್ಲಿ ಏಳೆಂಟು ವರ್ಷದ ಮೊಮ್ಮಗ.

“ಯಪ್ಪಾ, ಕೊಪ್ಪಳದ ಗಾಡಿ ಎಂಟನೇದಕ್ಕ ಬರತೈತಿ ಅಂದ್ರು. ಇದು ಎಂಟನೇದು ಹೌದಲ್ಲ?”

“ಹೌದವ್ವಾ, ಇದ ಎಂಟನೇದು. ಟಿಕೇಟು ಜನರಲ್ ಐತೇನು?”

“ಹೂಂ. ಜನರಲ್ಲ.”

“ಹಂಗಾದ್ರ ಇನ್ನೂ ಮುಂದ ಹೋಗಬೇಕವ್ವಾ. ಜನರಲ್ ಡಬ್ಬಿ ತುದೀಗೆ ಇರತಾವು.”

“ಎಷ್ಟ ಮುಂದ?”

ನನಗೆ ಹೇಳಲಾಗಲಿಲ್ಲ. ಗಿನ್ನೆಸ್ ಪುಸ್ತಕಕ್ಕೆ ಗೊತ್ತಿದ್ದ ಲೆಕ್ಕ ನನಗೂ ಗೊತ್ತಿತ್ತು, ಆದರೆ ಅವಳ ಪ್ರಶ್ನೆಗೆ ಅದರಲ್ಲಿ ಉತ್ತರ ಇರಲಿಲ್ಲ. ಎಲ್ಲಿಂದ ಎಷ್ಟು ಮುಂದೆ? ಗಾಡಿ ಈ ಅರ್ಧದಲ್ಲಿ ನಿಲ್ಲುತ್ತದೆಯೋ ಆ ಅರ್ಧದಲ್ಲಿ ನಿಲ್ಲುತ್ತದೆಯೋ ತಿಳಿಯದೆ ಹೇಳುವುದು ಹೇಗೆ? ಪ್ಲಾಟ್‌ಫಾರಂ ಚಿಕ್ಕದಿದ್ದಾಗ ಎಂಟನೆಯದು ಎಂಬ ಮಾತು ಪೂರ್ತಿ ವಿಳಾಸವಾಗುತ್ತದೆ. ಒಂದೂವರೆ ಕಿಲೋಮೀಟರ್ ಉದ್ದವಾದ ಮೇಲೆ ಅದು ಓಣಿಯ ಹೆಸರಷ್ಟೇ, ಮನೆ ನಂಬರು ಬೇರೆ ಬೇಕು.

ಈ ಕೃತಿಯ ದೋಷ ನನಗೆ ಕಂಡದ್ದು ಇಲ್ಲಿ. ಉದ್ದದ ಲಾಭ ಗಾಡಿಗಳಿಗೆ ಸಿಕ್ಕಿತು, ಉದ್ದದ ಭಾರ ಕಾಲುಗಳಿಗೆ ಬಿತ್ತು. ಅದೂ ಎಲ್ಲ ಕಾಲುಗಳಿಗೆ ಸಮನಾಗಿ ಬೀಳಲಿಲ್ಲ. ಏಸಿ ಡಬ್ಬಿಯವನು ಸಾಮಾನ್ಯವಾಗಿ ಗಾಡಿಯ ನಡುಭಾಗದಲ್ಲಿರುತ್ತಾನೆ. ಅವನ ಸೂಟ್‌ಕೇಸಿಗೆ ಗಾಲಿ, ಅವನ ಮೊಬೈಲಿನಲ್ಲಿ ಡಬ್ಬಿಯ ಜಾಗ. ಜನರಲ್ ಡಬ್ಬಿಗಳನ್ನು ಹಿಂದಿನ ಕಾಲದಿಂದಲೂ ಗಾಡಿಯ ಎರಡೂ ತುದಿಗಳಿಗೆ ಕಟ್ಟುತ್ತ ಬಂದಿದ್ದಾರೆ. ಹೆಚ್ಚು ಗಂಟು ಹೊತ್ತವನೇ ಹೆಚ್ಚು ನಡೆಯಬೇಕೆಂಬುದು ಇದರ ಅರ್ಥ. ಹುಬ್ಬಳ್ಳಿಯವರು ಮಾಡಿದ ನಿಯಮವಲ್ಲ ಇದು, ದೇಶದ ತುಂಬ ಇದೆ. ಆದರೆ ಪ್ಲಾಟ್‌ಫಾರಂ ಉದ್ದವಾದಾಗ ಹಳೆಯ ಅನ್ಯಾಯವೂ ಅಷ್ಟೇ ಉದ್ದವಾಗುತ್ತದೆ. 1507 ಮೀಟರ್ ಎಂದು ಬರೆಯುವಾಗಲೇ ಪ್ರತಿ ನೂರು ಮೀಟರಿಗೆ ಒಂದು ದೊಡ್ಡ ಅಕ್ಷರದ ಗುರುತು, ಯಾವ ಗಾಡಿ ಯಾವ ಅರ್ಧದಲ್ಲಿ ಎಂದು ಕನ್ನಡದಲ್ಲಿ ನಿಧಾನವಾಗಿ ಹೇಳುವ ಒಂದು ದನಿ, ದಾರಿಯಲ್ಲಿ ಕುಳಿತು ಏಳಲು ಒತ್ತೊತ್ತಾಗಿ ಕಟ್ಟೆ, ಇಷ್ಟನ್ನು ಉದ್ದದ ಭಾಗವೆಂದೇ ಎಣಿಸಬೇಕು. ಕಾಗುಣಿತ ತಿದ್ದುವುದು ಮುದ್ರಣದ ಭಾಗವಾದ ಹಾಗೆ.

ಹೆಸರಿನ ವಿಷಯವಾಗಿ ಒಂದೆರಡು ಮಾತು. 2014ರಲ್ಲಿ ಹುಬ್ಳಿ ಅಧಿಕೃತವಾಗಿ ಹುಬ್ಬಳ್ಳಿಯಾಯಿತು. 2020ರಲ್ಲಿ ಸ್ಟೇಶನ್ನಿಗೆ ಶ್ರೀ ಸಿದ್ಧಾರೂಢ ಸ್ವಾಮೀಜಿಯವರ ಹೆಸರಿಟ್ಟರು. ಜಾತಿ ಮತ ಕೇಳದೆ ಮಠದ ಬಾಗಿಲು ತೆರೆದಿಟ್ಟ ಅಜ್ಜನ ಹೆಸರು ಯಾರು ಬಂದರೂ ಒಳಗೆ ಬಿಡುವ ಸ್ಟೇಶನ್ನಿಗೆ ಸಲ್ಲುತ್ತದೆ, ಇದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಟಿಕೆಟಿನ ಸಂಕೇತಾಕ್ಷರ ಮಾತ್ರ ಯುಬಿಎಲ್ ಎಂದೇ ಉಳಿದಿದೆ. ಎಲ್ಲ ಪರಿಷ್ಕರಣೆಗಳ ಕೆಳಗೆ ಹಳೆಯ ಹುಬ್ಳಿ ಮೂರು ಇಂಗ್ಲಿಷ್ ಅಕ್ಷರಗಳಲ್ಲಿ ಗಟ್ಟಿಯಾಗಿ ಕೂತಿದೆ.

ಗದಗ ರಸ್ತೆಯ ಕಡೆ 2020ರಲ್ಲಿ ರೈಲ್ವೆ ಮ್ಯೂಸಿಯಂ ತೆರೆದಿದ್ದಾರೆ. ಮಲಪ್ರಭಾ, ಘಟಪ್ರಭಾ ಎಂಬ ಎರಡು ಹಳೆಯ ಮನೆಗಳನ್ನು ಚೊಕ್ಕಟ ಮಾಡಿ ಹಳೆಯ ಸಾಮಾನುಗಳನ್ನು ಜೋಡಿಸಿದ್ದಾರೆ. ಇಡೀ ಪರಿಷ್ಕರಣೆಯಲ್ಲಿ ಮನುಷ್ಯನ ಅಳತೆಗೆ ಸರಿಹೊಂದುವ ಕೆಲಸ ಇದೊಂದೇ ಎಂದು ನನಗೆ ಅನಿಸಿದೆ. ಚಿಕ್ಕ ಕೋಣೆ, ಚಿಕ್ಕ ವಸ್ತು, ಕೈ ಚಾಚಿದರೆ ಸಿಗುವ ದೂರ. ಆದರೆ ಸ್ಟೇಶನ್ನಿನ ನೆನಪು ವಸ್ತುಗಳಲ್ಲಷ್ಟೇ ಇರುತ್ತದೆಯೆ? ಗಂಗೂಬಾಯಿ ಹಾನಗಲ್ಲರು ಸವಾಯಿ ಗಂಧರ್ವರಲ್ಲಿ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತಿದ್ದರು. ಆ ಗಾಡಿ ತಪ್ಪಿದರೆ ಒಂದು ದಿನದ ಪಾಠ ತಪ್ಪುತ್ತಿತ್ತು. ಕಿರಾಣಾ ಘರಾಣೆಯ ಒಂದು ದೊಡ್ಡ ದನಿಗೆ ಈ ಸ್ಟೇಶನ್ನಿನ ವೇಳಾಪಟ್ಟಿಯೂ ಒಂದಿಷ್ಟು ಕಾರಣ. ಆಕೆ ಗಾಡಿ ಹತ್ತಿದ ಪ್ಲಾಟ್‌ಫಾರಂ ಎಷ್ಟು ಮೀಟರ್ ಇತ್ತೆಂದು ಯಾರೂ ಬರೆದಿಟ್ಟಿಲ್ಲ.

ಮುದುಕಿಯ ವಿಷಯ ಅರ್ಧಕ್ಕೆ ಬಿಟ್ಟೆ. ನಾನು ತಡವರಿಸುತ್ತಿರುವಾಗ ಒಬ್ಬ ಹಮಾಲ ಹಾಯ್ದುಹೋಗುತ್ತಿದ್ದ. ಕೆಂಪು ಅಂಗಿ, ತೋಳಿಗೆ ಹಿತ್ತಾಳೆಯ ಬಿಲ್ಲೆ. ಅವನನ್ನು ಕೇಳಿದೆ. ಅವನು ನನ್ನ ಕಡೆ ನೋಡದೆ ನೇರವಾಗಿ ಅವಳಿಗೇ ಹೇಳಿದ: “ಇಲ್ಲಿಂದ ಹತ್ತು ಡಬ್ಬಿ ಮುಂದ ನಡೀಬೇ ಆಯಿ. ಅಲ್ಲೊಂದು ಕಂಬ ಐತಿ, ನೀರಿನ ನಳ ಐತಿ. ನಳದ ಹಂತ್ಯಾಕ ಕುಂದ್ರು. ಡಬ್ಬಿ ನಿನ್ನ ಮುಂದನ ಬರತೈತಿ.”

ಅವಳಿಗೆ ತಟ್ಟನೆ ತಿಳಿಯಿತು. ಮೊಮ್ಮಗನ ಕೈಹಿಡಿದು ಹೊರಟಳು.

“ನೀವು ಮೀಟರ್ ಲೆಕ್ಕ ಹಾಕೂದಿಲ್ಲೇನು?” ಎಂದು ಕೇಳಿದೆ.

“ಮೀಟರ್ ಯಾರ ಹೊರತಾರ್ರೀ ಸರ?” ಎಂದ. “ನಮ್ಮದು ಡಬ್ಬಿ ಲೆಕ್ಕ. ಈ ಎಂಟನೇದು ಅರವತ್ತೆರಡು ಡಬ್ಬಿ ಐತಿ. ಮೊದಲ ದಿನಾನ ನಡದ ನೋಡೇವಿ.”

ಮನೆಗೆ ಬಂದು ಭಾಗಿಸಿ ನೋಡಿದೆ. 1507ನ್ನು 24ರಿಂದ ಭಾಗಿಸಿದರೆ ಅರವತ್ತೆರಡೂಮುಕ್ಕಾಲು ಬರುತ್ತದೆ. ಆ ಮುಕ್ಕಾಲನ್ನು ಅವನು ಬಿಟ್ಟಿದ್ದ.